ಎಡಗಾಲಿನ ಲೆಕ್ಕ

ಆನೆಕಾಲು ಅಂತ ಮೊದಲು ಅಂದವಳು
ರೇಷನ್ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವಳು.
ಅಂದು, ತನ್ನ ಸೆರಗನ್ನು ಒಂದು ಗೇಣು ಈಚೆ ಎಳೆದುಕೊಂಡಳು.
ನನಗೆ ನಗು ಬಂತು.
ಸಕ್ರೆಬೈಲಿನ ಕಾವಾಡಿಯ ಹೆಂಡತಿಗೇ
ಆನೆಯ ಕಾಲು ಹೇಗಿರುತ್ತದೆ ಅಂತ ಹೇಳುತ್ತಾಳಲ್ಲ!

ಆಸ್ಪತ್ರೆಯವರೂ ಸೊಳ್ಳೆಯದೇ ಇರಬೇಕೆಂದು
ರಾತ್ರಿ ಹನ್ನೊಂದಕ್ಕೆ ಬರಹೇಳಿ ರಕ್ತ ತೆಗೆದರು.
ಆ ಹುಳ ಕತ್ತಲಾದ ಮೇಲೆಯೇ ಓಡಾಡುವುದಂತೆ.
ಹುಳವಿರಲಿಲ್ಲ. ಇದ್ದದ್ದು ಹಳೆಯ ಹೊಲಿಗೆ:
ನಾಲ್ಕು ವರ್ಷದ ಹಿಂದೆ, ಗರ್ಭಕೋಶದ ಜೊತೆಗೆ
ತೊಡೆಸಂದಿಯ ಗಂಟುಗಳನ್ನೂ ತೆಗೆದಿದ್ದರು.
"ಆ ಗಂಟು ಅಂದರೆ ತೂಬು ಇದ್ದ ಹಾಗೆ,"
ಅಂದರು ಮೆಗ್ಗಾನಿನ ವಿಮಲಾಕ್ಷಿ ಸಿಸ್ಟರ್,
"ತೂಬೇ ಇಲ್ಲದ ಮೇಲೆ ನೀರು ಎಲ್ಲಿಗೆ ಹೋಗಬೇಕು?"
ಗಾಜನೂರಿನ ಹಿನ್ನೀರಲ್ಲಿ ಬಟ್ಟೆ ಒಗೆದವಳು ನಾನು,
ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ.
ಕಾಲಿಗೂ ಕಾಲುವೆಗೂ ಒಂದೇ ಅಕ್ಷರದ ದೂರ.

"ವಾಸಿಯಾಗುತ್ತದಾ?"
"ಇಲ್ಲಮ್ಮ. ಪಳಗುತ್ತದೆ."
ಆ ಮಾತಿಗೆ, ಅಷ್ಟು ಹೊತ್ತೂ ಬಾಗಿಲಲ್ಲೇ ಇದ್ದ ಇವರು
ಒಳಗೆ ಬಂದು ಸ್ಟೂಲಿನ ಮೇಲೆ ಕೂತರು.

ಇಪ್ಪತ್ತಾರು ವರ್ಷ ಸುಗುಣೆಯ ಕಾಲು ತೊಳೆದವರು,
ಉಗುರು ಉಗುರಿನ ಸಂದಿಗೂ ಬೆರಳು ಹಾಕಿ
ಮುಳ್ಳೋ, ಬಿರುಕೋ, ಹೊಕ್ಕ ಹರಳೋ ಅಂತ ಹುಡುಕಿದವರು,
ಎರಡು ವರ್ಷದಿಂದ ನನ್ನ ಕಾಲ ಕಡೆ ನೋಡಿರಲಿಲ್ಲ.
ನಾನೂ ತೋರಿಸಿರಲಿಲ್ಲ.

ಅವತ್ತು ಸಂಜೆ ಬಕೆಟ್ಟು ತಂದಿಟ್ಟು, ಕೂರು, ಅಂದರು.
ಅಬ್ಬಾ, ಆನೆ ಉಜ್ಜುವ ಕೈ!
"ನೀರಿರುವುದು ಚರ್ಮದ ಕೆಳಗೇ ಅಂದಿಲ್ಲವಾ ಸಿಸ್ಟರು?
ಹಾಲಿನ ಕೆನೆ ಸರಿಸುವಷ್ಟು ಸಾಕು."
ತಗ್ಗಿಸಿದರು.
ಇನ್ನೂ ತಗ್ಗಿಸಿದರು.
ಮದುವೆಯಾಗಿ ಇಪ್ಪತ್ತೆರಡನೇ ವರ್ಷಕ್ಕೆ
ಈ ಕೈಗೆ ಇಷ್ಟು ಹಗುರ ಬರುತ್ತದೆ ಅಂತ ಗೊತ್ತಾಯಿತು.

ಮೊದಲು ಮೇಲಿನ ದಾರಿ ತೆರವಾಗಬೇಕು, ಹೊಟ್ಟೆ, ತೊಡೆ;
ಪಾದದ ಸರದಿ ಕೊನೆಗೆ.
ಘಾಟಿಯ ತಿರುವಿನಲ್ಲಿ ಮುಂದಿನ ಬಸ್ಸು ಸರಿಯದೆ
ಹಿಂದಿನದು ಹೊರಟೀತೆ?
ಬೆರಳ ಸಂದಿಯಲ್ಲಿ ಒಂದು ಹನಿಯೂ ಉಳಿಯದಂತೆ ಒರೆಸಿ
ಬ್ಯಾಂಡೇಜು: ಕೆಳಗೆ ಬಿಗಿ, ಮೇಲೆ ಹೋದಂತೆ ಸಡಿಲ.
ಕಟ್ಟಿಕೊಂಡು ಮಲಗುವುದಲ್ಲ, ನಡೆಯಬೇಕು.
ನಡೆದೆ. ಕ್ಯಾಂಪಿನ ಗೇಟಿನವರೆಗೆ, ಆಮೇಲೆ ರಸ್ತೆಯವರೆಗೆ.
ಯಾರು ಏನಂದರೋ ಕೇಳಿಸಲಿಲ್ಲ, ಅಥವಾ ಕೇಳಿಸಿತು.

ಒಂದು ಇಂಬಳ ಕಚ್ಚಿದ್ದಷ್ಟೇ, ಅದೂ ಕಿರುಬೆರಳಿಗೆ;
ರಾತ್ರಿ ಚಳಿಜ್ವರ, ಕಾಲು ಕೆಂಡ.
ಬೆಳಗಾಗಲಿ ಅಂದೆ. ಇವರು ಕೇಳಲಿಲ್ಲ,
ಫಾರೆಸ್ಟಿನ ಜೀಪು ಎಬ್ಬಿಸಿದರು.
ಸುಗುಣೆಗಾದರೂ ಇಷ್ಟು ಅವಸರ ಮಾಡುತ್ತಿದ್ದರೋ ಇಲ್ಲವೋ.

ಮೇವಿನ ಲೆಕ್ಕದ ಹಳೇ ಪುಸ್ತಕವಿದೆ:
ಭತ್ತ ಇಷ್ಟು, ಬೆಲ್ಲ ಇಷ್ಟು, ಹುಲ್ಲು ಇಷ್ಟು ಹೊರೆ.
ಅದರ ಹಿಂದಿನ ಹಾಳೆಯಲ್ಲಿ ಶುಕ್ರವಾರಕ್ಕೊಮ್ಮೆ ನನ್ನ ಮೀನಖಂಡ.
ನಲವತ್ತನಾಲ್ಕು. ನಲವತ್ತಮೂರು. ಮತ್ತೆ ನಲವತ್ತನಾಲ್ಕು
(ನಾದಿನಿಯ ಮಗಳ ಮದುವೆ, ದಿನವಿಡೀ ನಿಂತು ಬಿರಿಯಾನಿ).
ನಲವತ್ತೆರಡೂವರೆ.
ಆ ಅರೆಯನ್ನು ಎರಡು ಸಲ ತಿದ್ದಿ ಬರೆದಿದ್ದಾರೆ.

ಮೊನ್ನೆ ಗಾಂಧಿ ಬಜಾರಿನಲ್ಲಿ ಚಪ್ಪಲಿ ಕೇಳಿದೆವು:
ಎಡಕ್ಕೆ ಒಂಬತ್ತು, ಬಲಕ್ಕೆ ಏಳು.
ಒಂದೊಂದಾಗಿ ಮಾರುವುದಿಲ್ಲ ಅಂದ ಅಂಗಡಿಯ ಹುಡುಗ.
ಇವರು ಮಾತಾಡದೆ ಎರಡು ಜೊತೆಯ ದುಡ್ಡು ಕೊಟ್ಟರು.

ಮಿಕ್ಕ ಎರಡನ್ನು ಹಾಗೇ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ,
ಎಡ ಏಳು, ಬಲ ಒಂಬತ್ತು.
ತೀರ್ಥಹಳ್ಳಿಯ ಕಡೆಯವಳೋ, ಸಾಗರದವಳೋ,
ಎಲ್ಲೋ ಒಬ್ಬಳು ಇದ್ದೇ ಇರುತ್ತಾಳೆ.
ಬಂದರೆ ಕೊಡುತ್ತೇನೆ.
ಹೊಸದು. ಇನ್ನೂ ಯಾರೂ ಮೆಟ್ಟಿಲ್ಲ.